ಲಗಾಮಿನಾಚೆಯ ಹತೋಟಿ

ಸವಾರಿ ಹೊರಟ ಗುಂಪಿನಲ್ಲಿ ಒಂದು ಕುದುರೆ ಕುಣಿಯತೊಡಗಿತೆಂದರೆ ಸುತ್ತಲಿನವರ ಬಾಯಿಂದ ಮೊದಲು ಬರುವ ಮಾತು ‘ಲಗಾಮು ಬಿಗಿಹಿಡಿ’. ಬೆಂಗಳೂರಿನ ಅಂಚಿನ ನೀಲಗಿರಿ ತೋಪುಗಳಲ್ಲಿ, ಮೈಸೂರಿನ ಸುತ್ತಲಿನ ಮಣ್ಣುದಾರಿಗಳಲ್ಲಿ, ಬೆಳಗಿನ ಹೊತ್ತು ಐದಾರು ಮಂದಿ ಕೂಡಿ ಕುದುರೆಯೇರಿ ಹೋಗುವ ರೂಢಿಯಿರುವ ಕಡೆಯಲ್ಲೆಲ್ಲ ನಾನು ಈ ಮಾತನ್ನು ಕೇಳುತ್ತಲೇ ಬಂದೆ. ಹೇಳುವವರು ಹಿತೈಷಿಗಳೇ. ಕುದುರೆ ಕೈಮೀರಿ ಓಡಿದರೆ ಸವಾರನ ಬೆನ್ನು ಮುರಿಯಬಹುದು, ದಾರಿಹೋಕರಿಗೆ ಪೆಟ್ಟಾಗಬಹುದು, ಕುದುರೆಯ ಕಾಲೇ ಹೋಗಬಹುದು. ಹಾಗಾಗಿ ಆತಂಕದಲ್ಲಿ ಕೈಗೆ ಸಿಕ್ಕ ಸಲಹೆಯನ್ನು ಕೊಡುತ್ತಾರೆ. ಆದರೆ ಸವಾರಿಯಲ್ಲಿ ಕಳೆದ ಆ ವರ್ಷಗಳನ್ನು ಈಗ ಹಿಂದಿರುಗಿ ನೋಡುವಾಗ ನನ್ನಲ್ಲಿ ಗಟ್ಟಿಯಾಗಿ ಉಳಿದಿರುವ ತಿಳಿವಳಿಕೆ ಬೇರೆಯೇ. ಗುಂಪಿನ ನಡುವೆ ಕಾವೇರುವ ಕುದುರೆಯ ಹತೋಟಿಯಲ್ಲಿ ಅದರ ಬೆನ್ನ ಮೇಲೆ ಕೂತವನ ಪಾಲು ಚಿಕ್ಕದು, ಸುತ್ತಲಿನ ಐದಾರು ಸವಾರರ ಪಾಲು ದೊಡ್ಡದು. ಗುಂಪು ಎಷ್ಟು ವೇಗದಲ್ಲಿ ಹೊರಡುತ್ತದೆ, ಯಾರು ಯಾರ ಹಿಂದೆ ಇರುತ್ತಾರೆ, ನಡುವೆ ಎಷ್ಟು ಅಂತರ ಬಿಡುತ್ತಾರೆ, ಮುಂದಿನವರು ಹಿಂದಿನವರಿಗಾಗಿ ನಿಲ್ಲುತ್ತಾರೋ ಇಲ್ಲವೋ ಎಂಬುದರಲ್ಲಿ ಮುಕ್ಕಾಲು ಪಾಲು ತೀರ್ಮಾನವಾಗಿರುತ್ತದೆ. ಬಿಗಿದ ಲಗಾಮು ಬರುವುದು ಆಮೇಲೆ, ಬಹುಪಾಲು ತಡವಾಗಿ.

ಕುದುರೆಯನ್ನು ದೂರುವ ಮೊದಲು ಅದು ಎಂಥ ಜೀವ ಎಂಬುದನ್ನು ನೆನೆಯಬೇಕು. ಬಯಲಿನಲ್ಲಿ ಹಿಂಡುಗಟ್ಟಿ ಮೇಯುತ್ತ, ಬೇಟೆಯಾಡುವ ಪ್ರಾಣಿಗಳ ಕೈಗೆ ಸಿಗದಂತೆ ಓಡುತ್ತಲೇ ಉಳಿದುಬಂದ ಜಾತಿ ಅದು. ಕೊಂಬಿಲ್ಲ, ಕೋರೆಯಿಲ್ಲ; ಇರುವುದು ಕಾಲು, ಕಿವಿ, ಕಣ್ಣು. ತಲೆಯ ಎರಡು ಪಕ್ಕದಲ್ಲಿರುವ ಕಣ್ಣುಗಳಿಂದ ಅದಕ್ಕೆ ಹೆಚ್ಚುಕಡಿಮೆ 350 ಡಿಗ್ರಿಯಷ್ಟು ಸುತ್ತಲಿನ ನೋಟ ಸಿಗುತ್ತದೆ. ಕಾಣದಿರುವುದು ಹಣೆಯ ನೇರ ಮುಂದಿನ ಸ್ವಲ್ಪ ಜಾಗ ಮತ್ತು ಬಾಲದ ನೇರ ಹಿಂದಿನ ಜಾಗ. ನಾವು ಸಾಲಾಗಿ ಸವಾರಿ ಹೋಗುವಾಗ ಹಿಂದಿನ ಕುದುರೆಯನ್ನು ತಂದಿರಿಸುವುದು ಸರಿಯಾಗಿ ಆ ಕುರುಡು ಜಾಗದಲ್ಲೇ. ಗೊರಸಿನ ಸದ್ದು ಕೇಳುತ್ತದೆ, ಉಸಿರು ತಾಗುತ್ತದೆ, ಮೈ ಕಾಣುವುದಿಲ್ಲ. ಇನ್ನು ಮುಂದಿನ ಕುದುರೆ ತಿರುವಿನಲ್ಲಿ ಮರೆಯಾಗಿ ದೌಡಾಯಿಸಿದರೆ ಹಿಂದಿರುವುದಕ್ಕೆ ಒಟ್ಟಿಗೇ ಎರಡು ಸುದ್ದಿ ಮುಟ್ಟುತ್ತವೆ: ಹಿಂಡು ತನ್ನನ್ನು ಬಿಟ್ಟುಹೋಗುತ್ತಿದೆ ಎಂಬುದು ಒಂದು, ಓಡಲು ಏನೋ ಕಾರಣವಿದೆ ಎಂಬುದು ಇನ್ನೊಂದು. ಹಿಂಡಿನಲ್ಲಿ ಒಂದು ಓಡಿದರೆ ಉಳಿದವು ಕಾರಣವೇನೆಂದು ನೋಡುತ್ತ ನಿಲ್ಲುವುದಿಲ್ಲ. ನೋಡುತ್ತ ನಿಂತವುಗಳ ಸಂತತಿ ಉಳಿದಿಲ್ಲ. ಆದ್ದರಿಂದ ಗುಂಪಿನಲ್ಲಿ ಕುಣಿಯುವ ಕುದುರೆಯನ್ನು ಚಂಡಿ, ಕೊಬ್ಬಿದ್ದು, ಹೇಳಿದ ಮಾತು ಕೇಳದ್ದು ಎಂದು ಕರೆಯುವಾಗ ನಾವು ಅದರ ಭಯವನ್ನು ಅವಿಧೇಯತೆಯೆಂದು ಓದುತ್ತಿರುತ್ತೇವೆ. ಓದು ತಪ್ಪಿದರೆ ಮದ್ದೂ ತಪ್ಪುತ್ತದೆ.

ನಮ್ಮ ಕಡೆ ಈ ಪ್ರಶ್ನೆಗೆ ಇನ್ನೊಂದು ಪದರ ಇದೆ. ಬೆಂಗಳೂರು, ಮೈಸೂರುಗಳ ಸವಾರಿ ಶಾಲೆಗಳಲ್ಲಿ, ಖಾಸಗಿ ಲಾಯಗಳಲ್ಲಿ ಇರುವ ಕುದುರೆಗಳಲ್ಲಿ ಅನೇಕವು ರೇಸಿನಿಂದ ನಿವೃತ್ತಿಯಾಗಿ ಬಂದ ಥರೋಬ್ರೆಡ್‌ಗಳು. ಈ ನಾಡಿಗೂ ಕುದುರೆ ಸಾಕಣೆಗೂ ನಂಟು ಹಳೆಯದು. ಕುಣಿಗಲ್ಲಿನ ಕುದುರೆ ಫಾರಂ ಮೊದಲು ಟಿಪ್ಪುವಿನ ಸೈನ್ಯಕ್ಕೆ ಕುದುರೆ ಒದಗಿಸಿದ ಜಾಗ, ಮುಂದೆ ರೇಸು ಕುದುರೆಗಳ ತಳಿಮನೆಯಾಯಿತು. ರೇಸು ಕುದುರೆಯ ವಿದ್ಯಾಭ್ಯಾಸ ಎರಡನೆಯ ವಯಸ್ಸಿಗಾಗಲೇ ಶುರುವಾಗಿರುತ್ತದೆ. ಐದಾರು ವರ್ಷಕ್ಕೋ ಏಳಕ್ಕೋ ಅದರ ಓಟದ ಬದುಕು ಮುಗಿಯುತ್ತದೆ. ಚೆನ್ನಾಗಿ ನೋಡಿಕೊಂಡರೆ ಅದು 25 ವರ್ಷದವರೆಗೂ ಬಾಳಬಲ್ಲದು. ಅಂದರೆ ಬದುಕಿನ ಬಹುಭಾಗವನ್ನು ಅದು ಕಳೆಯಬೇಕಾದದ್ದು ಕಲಿತ ಪಾಠಕ್ಕೆ ತದ್ವಿರುದ್ಧವಾದ ಕೆಲಸದಲ್ಲಿ. ಕಲಿತ ಪಾಠವಾದರೂ ಯಾವುದು? ಪಕ್ಕದಲ್ಲಿ ಇನ್ನೊಂದು ಕುದುರೆ ಹೆಜ್ಜೆ ಬಿರುಸು ಮಾಡಿದರೆ ನೀನೂ ಮಾಡು. ಮುಂದೆ ಬಯಲು ತೆರೆದುಕೊಂಡರೆ ನುಗ್ಗು. ಸವಾರ ಲಗಾಮನ್ನು ಗಿಡ್ಡವಾಗಿ ಹಿಡಿದು ಮುಂದಕ್ಕೆ ಬಾಗಿದರೆ ಓಟದ ಹೊತ್ತು ಬಂತೆಂದು ತಿಳಿ. ರೇಸಿನ ಮೈದಾನದಲ್ಲಿ ಜಾಕಿಯ ಕೈಯ ಬಿಗಿಗೆ ಕುದುರೆ ತನ್ನ ಬಾಯನ್ನು ಒರಗಿಸಿ ಅದರ ಆಸರೆಯಲ್ಲೇ ಓಡುತ್ತದೆ. ಬಿಗಿತವೆಂದರೆ ಅದರ ಪಾಲಿಗೆ ನಿಲ್ಲು ಎಂಬ ಅಪ್ಪಣೆಯಲ್ಲ, ಹೊರಡು ಎಂಬ ಸೂಚನೆ. ಅಂಥ ಕುದುರೆಯನ್ನು ನಾಲ್ಕು ಕುದುರೆಗಳ ನಡುವೆ ನಿಲ್ಲಿಸಿ, ಮುಂದಿನವನು ತನ್ನದನ್ನು ಕ್ಯಾಂಟರಿಗೆ, ಅಂದರೆ ಹದವಾದ ಓಟಕ್ಕೆ, ಎಬ್ಬಿಸಿದ ಕೂಡಲೇ ನಾವು ಲಗಾಮು ಬಿಗಿದು, ಹೆದರಿಕೆಯಿಂದ ಮುಂದಕ್ಕೆ ಬಾಗಿ, ಕಾಲನ್ನು ಹೊಟ್ಟೆಗೆ ಒತ್ತಿ ಹಿಡಿದರೆ, ಅದು ಕಲಿತ ಮೂರು ಸೂಚನೆಗಳನ್ನೂ ಒಂದೇ ಕ್ಷಣದಲ್ಲಿ ಕೊಟ್ಟಂತಾಯಿತು. ಅದು ಓಡಿದರೆ ಹೇಳಿದ್ದನ್ನು ಮಾಡಿತು, ಅಷ್ಟೇ.

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕುದುರೆ ಯಾಕೆ ಓಡುತ್ತದೆ ಎಂಬ ವಿವರಣೆ ಸರಿ, ಆದರೆ ಓಡತೊಡಗಿದ ಮೇಲೆ ನಿಲ್ಲಿಸಲು ಏನಾದರೂ ಬೇಕಲ್ಲ, ಸಾಮಾನ್ಯ ಕಡಿವಾಣಕ್ಕೆ ನಿಲ್ಲದ ಕುದುರೆಗೆ ಕಠಿಣ ಕಡಿವಾಣ ಹಾಕುವುದೇ ಜಾಣತನವಲ್ಲವೇ ಎಂದು ಕೇಳುತ್ತಾರೆ. ಸನ್ನೆಕೋಲಿನ ಬಲವಿರುವ ಕಡಿವಾಣಗಳು, ಗದ್ದದಡಿಯ ಸರಪಳಿಗಳು, ತಲೆಯೆತ್ತದಂತೆ ತಡೆಯುವ ಪಟ್ಟಿಗಳು ಅಂಗಡಿಯಲ್ಲಿ ಸಿಗುತ್ತವೆ. ಪರಿಣತ ಕೈಯಲ್ಲಿ, ಚೆನ್ನಾಗಿ ಪಳಗಿದ ಕುದುರೆಯಲ್ಲಿ ಅವುಗಳಿಗೆ ಉಪಯೋಗವೂ ಉಂಟು. ಆದರೆ ಬಾಯಿಯ ಒಳಗೆ ಹಲ್ಲಿಲ್ಲದ ವಸಡಿನ ಮೇಲೆ ಕೂರುವ ಲೋಹ ಕೊಡುವುದು ಒತ್ತಡ, ಒತ್ತಡ ಮೀರಿದರೆ ನೋವು. ನೋವಿಗೆ ಕುದುರೆ ಕೊಡುವ ಉತ್ತರ ಭಯಕ್ಕೆ ಕೊಡುವ ಉತ್ತರವೇ: ಓಡು, ಇಲ್ಲವೇ ತಲೆಯೆತ್ತಿ ಆ ನೋವಿನಿಂದ ತಪ್ಪಿಸಿಕೋ, ಅದೂ ಆಗದಿದ್ದರೆ ಮುಂಗಾಲೆತ್ತಿ ನಿಲ್ಲು. ಉಕ್ಕುತ್ತಿರುವ ಹಾಲಿನ ಪಾತ್ರೆಗೆ ಮುಚ್ಚಳ ಒತ್ತಿಹಿಡಿಯುವವರು ಉರಿಯನ್ನು ತಗ್ಗಿಸಿರುವುದಿಲ್ಲ. ಗ್ರೀಸಿನ ಕ್ಸೆನೊಫೋನ್ ಕ್ರಿಸ್ತಪೂರ್ವ 4ನೇ ಶತಮಾನದಲ್ಲಿ ಕುದುರೆ ಸವಾರಿಯ ಬಗ್ಗೆ ಬರೆದ ಕೃತಿಯಲ್ಲಿ ಬಿಸಿ ಸ್ವಭಾವದ ಕುದುರೆಗಾಗಿಯೇ ಒಂದು ಅಧ್ಯಾಯವನ್ನು ಮೀಸಲಿಟ್ಟಿದ್ದಾನೆ. ಅವನು ಯುದ್ಧ ನೋಡಿದವನು, ಸೇನೆ ನಡೆಸಿದವನು. ಮೃದುಹೃದಯದಿಂದ ಮಾತ್ರ ಮಾತಾಡಿದವನಲ್ಲ. ಆದರೂ ಇಂಥ ಕುದುರೆಗೆ ಒರಟು ಕಡಿವಾಣಕ್ಕಿಂತ ನಯವಾದುದೇ ಒಪ್ಪುತ್ತದೆ ಎನ್ನುತ್ತಾನೆ, ಅದನ್ನು ಇತರ ಕುದುರೆಗಳೊಂದಿಗೆ ಪೈಪೋಟಿಗೆ ಬಿಡಬಾರದು ಎನ್ನುತ್ತಾನೆ, ಹಠಾತ್ತನೆ ಏನನ್ನೂ ಮಾಡದೆ ನಿಧಾನವಾಗಿ ಹೊರಡಿಸಬೇಕು ಎನ್ನುತ್ತಾನೆ. ರಿಕಾಪು ಕೂಡ ಇಲ್ಲದ ಕಾಲದಲ್ಲಿ ಸವಾರಿ ಮಾಡಿದವರು ಇಷ್ಟನ್ನು ಕಂಡುಕೊಂಡಿದ್ದರು. ಕಬ್ಬಿಣದ ಬಲವನ್ನು ನಂಬಿದ್ದರೆ ಅವರು ಉಳಿಯುತ್ತಿರಲಿಲ್ಲ.

ಹಾಗೆಂದು ಸವಾರನ ಕೈಗೆ ಕೆಲಸವೇ ಇಲ್ಲವೆಂದಲ್ಲ. ಹಿಡಿದು ಬಿಡುವುದು, ಮತ್ತೆ ಹಿಡಿದು ಮತ್ತೆ ಬಿಡುವುದು, ಇದು ಹಿಡಿದೇ ಇರುವುದಕ್ಕಿಂತ ನೂರು ಪಾಲು ಮೇಲು. ಒರಗಲು ಗಟ್ಟಿ ಆಸರೆ ಸಿಗದ ಕುದುರೆ ತನ್ನ ಭಾರವನ್ನು ತಾನೇ ಹೊತ್ತುಕೊಳ್ಳಬೇಕಾಗುತ್ತದೆ. ಒಂದು ಬದಿಯ ಲಗಾಮಿನಿಂದ ಕತ್ತನ್ನು ಮೆಲ್ಲಗೆ ತಿರುಗಿಸಿ, ವೃತ್ತ ಹಾಕಿಸಿ, ವೃತ್ತವನ್ನು ಕಿರಿದು ಮಾಡುತ್ತ ನಿಲ್ಲಿಸುವ ಕ್ರಮವೂ ಒಳ್ಳೆಯದೇ. ಆದರೆ ಅದನ್ನು ನಿಂತ ನೆಲದಲ್ಲಿ, ನಡಿಗೆಯಲ್ಲಿ, ಆಮೇಲೆ ಟ್ರಾಟಿನಲ್ಲಿ, ಅಂದರೆ ಕುಕ್ಕುಲೋಟದಲ್ಲಿ, ದಿನಗಟ್ಟಲೆ ಕಲಿಸಿರಬೇಕು. ಕಲಿಸದೆ, ನಾಗಾಲೋಟದಲ್ಲಿರುವ ಕುದುರೆಯ ಕತ್ತನ್ನು ಒಮ್ಮೆಲೇ ಎಳೆದು ತಿರುಗಿಸಿದರೆ ಅದು ಕಾಲು ತೊಡರಿ ಸವಾರನ ಸಮೇತ ಬೀಳುತ್ತದೆ. ಅದೂ ಅಲ್ಲದೆ ನಮ್ಮ ಹಳ್ಳಿದಾರಿಗಳಲ್ಲಿ ವೃತ್ತ ಹಾಕಲು ಜಾಗವೆಲ್ಲಿ? ಒಂದು ಬದಿಗೆ ಕಳ್ಳಿಬೇಲಿ, ಇನ್ನೊಂದು ಬದಿಗೆ ಚರಂಡಿಯೋ ರಾಗಿ ಹೊಲವೋ. ಸುಮಾರು 450 ಕಿಲೋ ತೂಗುವ, ಗಂಟೆಗೆ 40 ಕಿಲೋಮೀಟರಿಗೂ ಮೀರಿ ಓಡಬಲ್ಲ ಪ್ರಾಣಿಯನ್ನು ತೋಳಿನ ಶಕ್ತಿಯಿಂದ ನಿಲ್ಲಿಸುವ ಮನುಷ್ಯ ಎಲ್ಲೂ ಹುಟ್ಟಿಲ್ಲ. ಕುದುರೆ ನಿಲ್ಲುವುದು ಅದಕ್ಕೆ ನಿಲ್ಲಬೇಕೆನಿಸಿದಾಗ. ಹಾಗೆನಿಸುವಂಥ ಸಂದರ್ಭವನ್ನು ಕಟ್ಟಿಕೊಡುವುದು ಒಬ್ಬ ಸವಾರನಿಂದಾಗುವ ಕೆಲಸವಲ್ಲ, ಗುಂಪಿನ ಕೆಲಸ.

ಗುಂಪಿನ ಕೆಲಸ ಶುರುವಾಗುವುದು ಹತ್ತುವಾಗಲೇ. ಕೊನೆಯವನು ಜೀನಿನಲ್ಲಿ ಸರಿಯಾಗಿ ಕೂತು, ರಿಕಾಪು ಹಿಡಿದು, ಪಟ್ಟಿ ಬಿಗಿದುಕೊಂಡ ಮೇಲೆಯೇ ಮೊದಲನೆಯವನು ಹೆಜ್ಜೆಯಿಡಬೇಕು. ಒಂದು ಕಾಲು ರಿಕಾಪಿನಲ್ಲಿ, ಇನ್ನೊಂದು ನೆಲದಲ್ಲಿರುವಾಗ ಉಳಿದ ಕುದುರೆಗಳು ಗೇಟು ದಾಟಿದರೆ ಆ ಬಡಪಾಯಿ ಕುದುರೆಯ ಸವಾರಿ ಅಲ್ಲಿಗೇ ಹಾಳಾಯಿತು. ಮುಂದಿನ ಒಂದು ಗಂಟೆಯೂ ಅದು ಆ ಗಾಬರಿಯನ್ನೇ ಹೊತ್ತು ನಡೆಯುತ್ತದೆ. ಆಮೇಲೆ ಕನಿಷ್ಠ ಹತ್ತು ಹದಿನೈದು ನಿಮಿಷ ಬರೀ ನಡಿಗೆ, ಅದೂ ಲಗಾಮನ್ನು ಸಡಿಲ ಬಿಟ್ಟು. ಕುದುರೆಗಳ ನಡುವೆ ಒಂದು ಕುದುರೆಯುದ್ದದ ಅಂತರ. ಮುಂದಿನ ಕುದುರೆಯ ಹಿಂಗೊರಸು ನಮ್ಮ ಕುದುರೆಯ ಕಿವಿಗಳ ನಡುವಿನಿಂದ ಕಾಣುತ್ತಿದ್ದರೆ ಅಂತರ ಸರಿಯಿದೆ ಎಂದರ್ಥ. ಕಾವೇರುವ ಕುದುರೆಗೆ ಜಾಗ ಯಾವುದು ಎಂಬುದರ ಬಗ್ಗೆ ಹಲವು ಮತಗಳಿವೆ. ಎಲ್ಲರಿಗಿಂತ ಮುಂದೆ ಬಿಡಿ, ಆಗ ಅಟ್ಟಿಕೊಂಡು ಹೋಗಲು ಯಾರೂ ಇರುವುದಿಲ್ಲ ಎನ್ನುವವರಿದ್ದಾರೆ. ಕೆಲವು ಕುದುರೆಗಳಿಗೆ ಇದು ಒಪ್ಪುತ್ತದೆ, ಹೆಚ್ಚಿನವಕ್ಕೆ ಒಪ್ಪದು. ಮುಂದಿರುವುದು ಮೊದಲು ಬೆದರುತ್ತದೆ, ಹಿಂದಿನ ಗೊರಸುಗಳ ಸದ್ದು ಅದಕ್ಕೆ ಅಟ್ಟಿಬರುವ ಸದ್ದಾಗುತ್ತದೆ. ಕೊನೆಯ ಜಾಗವಂತೂ ಎಲ್ಲಕ್ಕಿಂತ ಕೆಟ್ಟದ್ದು. ನನ್ನ ಅನುಭವದಲ್ಲಿ ನಿಂತಿರುವುದು ಎರಡನೆಯ ಜಾಗ: ಮುಂದೊಂದು ವಯಸ್ಸಾದ, ಲಾರಿ ಹಾರ್ನಿಗೂ ಕಿವಿಯಾಡಿಸದ ಕುದುರೆ, ಹಿಂದೊಂದು ಒದೆಯದ, ನುಗ್ಗದ ಕುದುರೆ. ಸ್ವಲ್ಪ ಅಗಲದ ದಾರಿ ಸಿಕ್ಕಿದರೆ ಆ ಹಿರಿಯ ಕುದುರೆಯ ಪಕ್ಕದಲ್ಲೇ, ಅದರ ಭುಜಕ್ಕೆ ಮೂತಿ ಸಮನಾಗಿರುವಂತೆ ನಡೆಸಬಹುದು. ಆಗ ಜೊತೆಗಾರ ಇಡಿಯಾಗಿ ಕಣ್ಣಿಗೆ ಕಾಣುತ್ತದೆ, ಬಿಟ್ಟುಹೋಗುವ ಭಯವಿಲ್ಲ, ದಾಟಿಹೋಗುವ ಆಸೆಯೂ ಏಳುವುದಿಲ್ಲ.

ವೇಗದ ಪ್ರಶ್ನೆಯಲ್ಲಿ ಹೆಚ್ಚಿನ ಗುಂಪುಗಳು ಎಡವುವುದು ಒಂದು ಸರಳ ಲೆಕ್ಕವನ್ನು ಮರೆತು. ಸಾಲಿನ ಮುಂದಿರುವ ಕುದುರೆ ತಗ್ಗೊಂದರ ಹತ್ತಿರ ನಿಧಾನಿಸಿ, ದಾಟಿದ ಕೂಡಲೇ ಮೊದಲಿನ ವೇಗಕ್ಕೆ ಬಂದರೆ ಎರಡನೆಯದು ಇನ್ನೂ ತಗ್ಗಿನಲ್ಲಿರುತ್ತದೆ, ಐದನೆಯದು ತಗ್ಗನ್ನು ಇನ್ನೂ ಮುಟ್ಟಿಯೇ ಇರುವುದಿಲ್ಲ. ಅಂತರ ಮುಚ್ಚಲು ಎರಡನೆಯದು ಬೇಗ ನಡೆದರೆ ಮೂರನೆಯದು ಟ್ರಾಟ್ ಮಾಡಬೇಕು, ಕೊನೆಯದು ಕ್ಯಾಂಟರಿನಲ್ಲಿ ಬರಬೇಕು. ಮುಂದಾಳಿಗೆ ತಾನು ನಡಿಗೆಯಲ್ಲೇ ಇದ್ದೆನೆಂಬ ತೃಪ್ತಿ, ಹಿಂದೆ ಓಟದ ಪೈಪೋಟಿ. ಕುದುರೆಗಳನ್ನು ನೂರಾರು ಸಂಖ್ಯೆಯಲ್ಲಿ ನಡೆಸಿದ ಅಶ್ವಸೇನೆಗಳಿಗೆ ಇದು ಚೆನ್ನಾಗಿ ತಿಳಿದಿತ್ತು. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣವನ್ನು ಜೋಧಪುರ ಲ್ಯಾನ್ಸರ್ಸ್ ಜೊತೆ ಸೇರಿ ಗೆದ್ದ ಮೈಸೂರು ಲ್ಯಾನ್ಸರ್ಸ್ ಬಗ್ಗೆ ಮಾತಾಡುವಾಗ ನಾವು ನೆನೆಯುವುದು ಕಾರ್ಮೆಲ್ ಬೆಟ್ಟವನ್ನೇರಿ ಫಿರಂಗಿಗಳ ಮೇಲೆ ಬಿದ್ದ ಆ ಸಾಹಸವನ್ನು. ಆದರೆ ಆ ಸಾಹಸಕ್ಕೆ ಮುಂಚೆ ದಿನಗಟ್ಟಲೆಯ ಪಯಣವಿತ್ತು. ಅಂಥ ಪಯಣಗಳಲ್ಲಿ ಆ ಕಾಲದ ಅಶ್ವದಳಗಳು ಒಂದಷ್ಟು ಹೊತ್ತು ನಡಿಗೆ, ಒಂದಷ್ಟು ಹೊತ್ತು ಟ್ರಾಟ್, ಒಂದಷ್ಟು ಹೊತ್ತು ಕೆಳಗಿಳಿದು ಲಗಾಮು ಹಿಡಿದು ಜೊತೆಗೆ ನಡೆಯುವುದು, ಗೊತ್ತಾದ ಹೊತ್ತಿಗೆ ನಿಲುಗಡೆ, ಹೀಗೆ ಕ್ರಮ ಇಟ್ಟುಕೊಂಡಿದ್ದವು; ಸಾಲಿನ ತಲೆಯ ವೇಗವನ್ನು ಸಾಲಿನ ಬಾಲ ತಡೆದುಕೊಳ್ಳುವಷ್ಟಕ್ಕೆ ಇಡುತ್ತಿದ್ದವು. ದಾಳಿಯಲ್ಲಿ ಕುದುರೆ ಬಿರುಗಾಳಿಯಂತೆ ನುಗ್ಗಬೇಕಾದರೆ ಅದು ಮಿಕ್ಕ ಹೊತ್ತು ಶಾಂತವಾಗಿ ನಡೆಯಲು ಕಲಿತಿರಬೇಕಿತ್ತು. ದಿನವಿಡೀ ಕುಣಿಯುತ್ತ ಬಂದ ಕುದುರೆಯಲ್ಲಿ ಸಂಜೆಗೆ ಶಕ್ತಿಯೇ ಉಳಿಯುತ್ತಿರಲಿಲ್ಲ. ಇಂಗ್ಲೆಂಡಿನ ನರಿಬೇಟೆಯ ಗುಂಪುಗಳಲ್ಲೂ ಒಬ್ಬ ಮುಂದಾಳು ಇರುತ್ತಿದ್ದ. ಎಂಥ ಸವಾರನಾದರೂ ಅವನನ್ನು ದಾಟಿ ಮುಂದೆ ಹೋಗುವಂತಿರಲಿಲ್ಲ. ಒದೆಯುವ ಕುದುರೆಯ ಬಾಲಕ್ಕೆ ಕೆಂಪು ರಿಬ್ಬನ್, ಇನ್ನೂ ಅನುಭವ ಸಾಲದ ಕುದುರೆಗೆ ಹಸಿರು ರಿಬ್ಬನ್ ಕಟ್ಟುವ ವಾಡಿಕೆ ಅಲ್ಲಿಂದಲೇ ಹಬ್ಬಿತು. ಬೇಟೆಯನ್ನು ನಾನು ಮೆಚ್ಚುವುದಿಲ್ಲ, ಆ ವಾಡಿಕೆಯನ್ನು ಮೆಚ್ಚುತ್ತೇನೆ. ಕುದುರೆಯ ಸ್ವಭಾವವನ್ನು ಮುಚ್ಚಿಡದೆ ಎಲ್ಲರಿಗೂ ತಿಳಿಸಿ, ಎಲ್ಲರೂ ಎಚ್ಚರ ವಹಿಸುವಂತೆ ಮಾಡುವ ಕ್ರಮ ಅದು.

ಇದಕ್ಕಿಂತ ಹತ್ತಿರದ ಸಾಕ್ಷಿ ಮೈಸೂರಿನಲ್ಲೇ ವರ್ಷವರ್ಷವೂ ಸಿಗುತ್ತದೆ. ದಸರಾಕ್ಕೆ ಮುಂಚೆ ಆನೆಗಳಿಗೂ ಅಶ್ವಾರೋಹಿ ದಳದ ಕುದುರೆಗಳಿಗೂ ಕುಶಾಲತೋಪಿನ ಸದ್ದಿಗೆ ಹೆದರದಂತೆ ತಾಲೀಮು ಕೊಡುತ್ತಾರೆ. ಜಂಬೂಸವಾರಿಯ ದಿನ 21 ಸುತ್ತು ತೋಪು ಸಿಡಿಯುವಾಗ, ಲಕ್ಷಗಟ್ಟಲೆ ಜನರ ಗದ್ದಲದ ನಡುವೆ, ಒಂದು ಪ್ರಾಣಿಯೂ ದಿಕ್ಕೆಟ್ಟು ಓಡಬಾರದು. ಅದಕ್ಕಾಗಿ ಅವರು ಮಾಡುವುದು ಸರಪಳಿ ಬಿಗಿಯುವುದೊಂದನ್ನೇ ಅಲ್ಲ. ಪ್ರಾಣಿಗಳನ್ನು ಸಾಲಾಗಿ ನಿಲ್ಲಿಸಿ, ಹೊಸತನ್ನು ಹಳತರ ಜೊತೆಗಿರಿಸಿ, ಒಂದೇ ದಿನಕ್ಕೆ ಮುಗಿಸದೆ ತಾಲೀಮನ್ನು ಮತ್ತೆ ಮತ್ತೆ ನಡೆಸುತ್ತಾರೆ. ಮೊದಲ ಸದ್ದಿಗೆ ಬೆಚ್ಚುವ ಹೊಸ ಕುದುರೆ ಪಕ್ಕದ್ದು ಕದಲದೆ ನಿಂತಿರುವುದನ್ನು ನೋಡುತ್ತದೆ. ಓಟ ಹೇಗೆ ಒಂದರಿಂದ ಒಂದಕ್ಕೆ ಹರಡುತ್ತದೋ ಶಾಂತಿಯೂ ಹಾಗೆಯೇ ಹರಡುತ್ತದೆ. ಗುಂಪು ಕುದುರೆಯನ್ನು ಕೆಡಿಸಬಲ್ಲದು ಎಂದು ಒಪ್ಪುವವರು ಗುಂಪು ಅದನ್ನು ತಿದ್ದಬಲ್ಲದು ಎಂಬುದನ್ನೂ ಒಪ್ಪಬೇಕಾಗುತ್ತದೆ; ಎರಡರ ಹಿಂದೆ ಇರುವುದು ಒಂದೇ ಹಿಂಡಿನ ಗುಣ.

ಈಗ ನನ್ನ ವಾದಕ್ಕೆ ಎದುರಾಗುವ ಬಲವಾದ ಆಕ್ಷೇಪಕ್ಕೆ ಬರುತ್ತೇನೆ. ತನ್ನ ಕುದುರೆಯನ್ನು ಹತೋಟಿಯಲ್ಲಿಡುವುದು ಅವರವರ ಹೊಣೆ. ಒಬ್ಬನ ಕುದುರೆ ಸರಿಯಿಲ್ಲವೆಂದು ಮಿಕ್ಕ ಐವರು ತಮ್ಮ ಸವಾರಿಯ ಸುಖವನ್ನು ಯಾಕೆ ಬಿಡಬೇಕು, ದುಡ್ಡು ಕೊಟ್ಟು ಬೆಳಗ್ಗೆ ಬೇಗ ಎದ್ದು ಬಂದಿರುವುದು ಬರೀ ನಡೆಯುವುದಕ್ಕೋ ಎಂಬ ಪ್ರಶ್ನೆ. ಇದರಲ್ಲಿ ನ್ಯಾಯವಿದೆ. ಯಾವ ತಯಾರಿಯೂ ಇಲ್ಲದ ಕುದುರೆಯನ್ನು ನೇರವಾಗಿ ಆರು ಜನರ ಗುಂಪಿಗೆ ತಂದು ಬಿಡುವವನು ಉಳಿದವರ ಜೀವದೊಂದಿಗೆ ಆಟವಾಡುತ್ತಿರುತ್ತಾನೆ. ತಯಾರಿ ಅವನದೇ ಹೊಣೆ, ಅದರಲ್ಲಿ ವಿನಾಯಿತಿ ಇಲ್ಲ. ಮೊದಲು ಒಂದೇ ಒಂದು ಜೊತೆಗಾರ ಕುದುರೆಯೊಂದಿಗೆ ಹೊರಡಬೇಕು. ಒಂದು ನಿಂತಿರುವಾಗ ಇನ್ನೊಂದು ಹತ್ತು ಹೆಜ್ಜೆ ಮುಂದೆ ಹೋಗಿ ನಿಲ್ಲಬೇಕು. ಹಿಂದಿನದು ಮೆಲ್ಲಗೆ ಬಂದು ದಾಟಿ, ತಾನು ಹತ್ತು ಹೆಜ್ಜೆ ಮುಂದೆ ಹೋಗಿ ನಿಲ್ಲಬೇಕು. ಹತ್ತು ಹೆಜ್ಜೆ ಇಪ್ಪತ್ತಾಗಬೇಕು, ಐವತ್ತಾಗಬೇಕು, ಆಮೇಲೆ ಒಂದು ತಿರುವಿನಷ್ಟಾಗಬೇಕು. ಇದರಿಂದ ಕುದುರೆ ಕಲಿಯುವುದು ಬಿಟ್ಟುಹೋದವರು ಮತ್ತೆ ಸಿಗುತ್ತಾರೆ ಎಂಬುದನ್ನು. ನನ್ನ ದೃಷ್ಟಿಯಲ್ಲಿ ಗುಂಪಿನ ಸವಾರಿಗೆ ಬೇಕಾದ ಅತಿ ಮುಖ್ಯ ಪಾಠ ಅದು. ಅದು ಗಟ್ಟಿಯಾದ ಮೇಲೆ ಮೂರನೆಯ ಕುದುರೆ, ಅನಂತರ ನಾಲ್ಕನೆಯದು. ಬೇಸರದ ಕೆಲಸ, ವಾರಗಟ್ಟಲೆ ಹಿಡಿಯುತ್ತದೆ. ಆದರೆ ಈ ಪಾಠವನ್ನು ಕಲಿಸಲೂ ನಿಲ್ಲಲು ಒಪ್ಪುವ ಇನ್ನೊಬ್ಬ ಸವಾರ ಬೇಕೇ ಬೇಕು. ಅಲ್ಲಿಗೆ ಹೊಣೆ ಮತ್ತೆ ಹಂಚಿಕೆಯಾಯಿತು.

ಇನ್ನು ಸುಖದ ಮಾತು. ಹಿಂದೊಬ್ಬನ ಕುದುರೆ ಬೆವರಿ ನೊರೆಗಟ್ಟಿ ಪಕ್ಕಪಕ್ಕಕ್ಕೆ ಕುಣಿಯುತ್ತಿರುವಾಗ ಮುಂದಿನವರು ನಾಗಾಲೋಟದಲ್ಲಿ ಹೋದರೆ, ಅವರ ಹಿಂದೆ ಬರುವುದು ಸವಾರನ ಅಂಕೆ ಮೀರಿದ ಒಂದು ಪ್ರಾಣಿ. ಅದು ಅವರ ಕುದುರೆಗಳ ಹಿಂಗಾಲಿಗೆ ಡಿಕ್ಕಿ ಹೊಡೆಯಬಹುದು. ಒದೆ ತಿಂದು ಸವಾರನ ಮೊಣಕಾಲು ಒಡೆಯಬಹುದು. ಅವರ ಶಾಂತ ಕುದುರೆಗಳೂ ಅದರ ಗಾಬರಿಯನ್ನು ಹಿಡಿದುಕೊಂಡು ಓಡಬಹುದು. ಗುಂಪಿನಲ್ಲಿ ಒಂದು ಕುದುರೆ ಮಾತ್ರ ಅಪಾಯದಲ್ಲಿರುವುದು ಎಂಬ ಸ್ಥಿತಿ ಇರುವುದೇ ಇಲ್ಲ. ಹಾಗಾಗಿ ಹಿಂದಿನವನಿಗಾಗಿ ನಿಧಾನಿಸುವುದು ದಾನಧರ್ಮವಲ್ಲ, ಸ್ವಂತ ಎಲುಬುಗಳ ರಕ್ಷಣೆ. ಓಡಲೇಬೇಕೆನ್ನುವವರು ಮೊದಲೇ ಹೇಳಿ ಎರಡು ಗುಂಪಾಗಿ ಹೊರಡಲಿ, ಅದರಲ್ಲಿ ತಪ್ಪಿಲ್ಲ. ತಪ್ಪಿರುವುದು ಒಟ್ಟಿಗೆ ಹೊರಟು ದಾರಿಯಲ್ಲಿ ಹೇಳದೆ ಕೇಳದೆ ಓಡುವುದರಲ್ಲಿ. ವೇಗ ಬದಲಿಸುವ ಮುನ್ನ ಮುಂದಾಳು ಕೈಯೆತ್ತಿ, ಹಿಂದಿರುವ ಪ್ರತಿಯೊಬ್ಬರಿಂದ ಒಪ್ಪಿಗೆ ಪಡೆದೇ ಎಬ್ಬಿಸಬೇಕು. ಒಬ್ಬರು ಬೇಡವೆಂದರೂ ಬೇಡ, ಕಾರಣ ಕೇಳುವ ಹಾಗಿಲ್ಲ. ಹೀಗೆ ನಡೆದುಕೊಂಡ ಗುಂಪುಗಳಲ್ಲಿ ಕುದುರೆ ಕೈಮೀರಿದ್ದು ನಾನು ಕಂಡಂತೆ ಬಹಳ ಅಪರೂಪ.

ಹೊರಡುವ ಮುಂಚೆ ಓಡಿಸಿ ಓಡಿಸಿ ಸುಸ್ತು ಮಾಡಿಬಿಟ್ಟರೆ ತಾನಾಗಿ ತಣ್ಣಗಾಗುತ್ತದೆ ಎಂಬ ಸಲಹೆಯೂ ಬಹಳ ಚಾಲ್ತಿಯಲ್ಲಿದೆ. ಒಂದೆರಡು ದಿನ ಅದು ಫಲಿಸಿದಂತೆ ಕಂಡೀತು. ಆದರೆ ದಿನವೂ ಓಡಿಸಿದ ಕುದುರೆ ದಿನದಿಂದ ದಿನಕ್ಕೆ ಹೆಚ್ಚು ದಮ್ಮುಳ್ಳದ್ದಾಗುತ್ತದೆ. ನಾಳೆ ಅದನ್ನು ದಣಿಸಲು ಇನ್ನೂ ಹೆಚ್ಚು ಓಡಿಸಬೇಕು. ಮೇಲಾಗಿ ಸುಸ್ತು ಬೇರೆ, ಶಾಂತಿ ಬೇರೆ. ವಿಶ್ರಾಂತಿಯಲ್ಲಿ ನಿಮಿಷಕ್ಕೆ 28ರಿಂದ 44 ಬಾರಿ ಬಡಿಯುವ ಕುದುರೆಯ ಎದೆ ಪೂರ್ಣ ಓಟದಲ್ಲಿ 220ನ್ನೂ ದಾಟುತ್ತದೆ. ಗಾಬರಿಯಾದರೆ ನಿಂತಲ್ಲೇ ಏರತೊಡಗುತ್ತದೆ. ದಣಿದ ಮೈಯಲ್ಲಿ ಗಾಬರಿ ಹೊತ್ತ ಕುದುರೆ ಎಡವುತ್ತದೆ, ಅಷ್ಟೇ ವ್ಯತ್ಯಾಸ. ಸುಸ್ತು ಮಾಡುವ ಮೊದಲು ಲಾಯದ ಕಡೆ ನೋಡಬೇಕು. ದಿನದ 23 ಗಂಟೆ ಕೊಟ್ಟಿಗೆಯಲ್ಲಿ ಕಟ್ಟಿ, ಹುಲ್ಲು ಕಡಿಮೆ ಮಾಡಿ ಕಾಳನ್ನೇ ಸುರಿದು, ಉಳಿದ ಒಂದು ಗಂಟೆಯಲ್ಲಿ ಸೌಮ್ಯವಾಗಿರು ಎಂದರೆ ಯಾವ ಜೀವ ಕೇಳೀತು? ಹುರುಳಿ ನಮ್ಮಲ್ಲಿ ತಲೆತಲಾಂತರದ ಕುದುರೆ ಮೇವು, ಓಟಕ್ಕೆ ನಿಂತ ಕುದುರೆಗೆ ಕಾಳು ಬೇಕೂ ಬೇಕು. ವಾರಕ್ಕೆರಡು ಸಲ ಮೆಲ್ಲಗೆ ಸುತ್ತಾಡುವ ಕುದುರೆಗೆ ರೇಸಿನ ದಿನಗಳ ಪಡಿಯನ್ನೇ ಮುಂದುವರಿಸುವುದು ತರವಲ್ಲ. ಬೆನ್ನಿಗೆ ಒತ್ತುವ ಜೀನು, ಚೂಪಾದ ದವಡೆಹಲ್ಲು, ಹೊಟ್ಟೆಹುಣ್ಣು, ಇವುಗಳಿಂದ ನರಳುವ ಕುದುರೆಯೂ ಹೊರನೋಟಕ್ಕೆ ಚಂಡಿಯಂತೆಯೇ ಕಾಣುತ್ತದೆ. ರೇಸಿನಿಂದ ಬಂದ ಕುದುರೆಗಳಲ್ಲಿ ಹೊಟ್ಟೆಹುಣ್ಣು ಬಹಳ ಸಾಮಾನ್ಯ. ಪಶುವೈದ್ಯರಿಗೆ ತೋರಿಸದೆ ಕಡಿವಾಣ ಬದಲಿಸುವವರನ್ನು ಕಂಡರೆ ನನಗೆ ಈಗಲೂ ಸಂಕಟವಾಗುತ್ತದೆ.

ಸವಾರನ ಮನಸ್ಸಿನ ಬಗ್ಗೆಯೂ ಒಂದು ಮಾತು. ನೀನು ಹೆದರಿದರೆ ಕುದುರೆಗೂ ಗೊತ್ತಾಗುತ್ತದೆ ಎಂದು ಕುದುರೆ ನೋಡಿಕೊಳ್ಳುವ ಸೈಸ್‌ಗಳು ಹಿಂದಿನಿಂದಲೂ ಹೇಳುತ್ತಿದ್ದರು. ಸ್ವೀಡನ್ನಿನಲ್ಲಿ ನಡೆದು 2009ರಲ್ಲಿ ಪ್ರಕಟವಾದ ಒಂದು ಅಧ್ಯಯನ ಅದನ್ನು ಅಳೆದು ನೋಡಿತು. ಗೊತ್ತಾದ ದಾರಿಯಲ್ಲಿ ಕುದುರೆಯನ್ನು ಹಲವು ಸಲ ನಡೆಸುವಂತೆ ಜನರಿಗೆ ಹೇಳಿ, ಕೊನೆಯ ಸುತ್ತಿಗೆ ಮುಂಚೆ, ಈ ಸಲ ಕುದುರೆ ಹತ್ತಿರ ಬಂದಾಗ ಕೊಡೆಯೊಂದನ್ನು ಬಿಚ್ಚುತ್ತೇವೆ ಎಂದು ತಿಳಿಸಿದರು. ಕೊಡೆಯನ್ನು ಬಿಚ್ಚಲೇ ಇಲ್ಲ. ಆದರೂ ಜನರ ಎದೆಬಡಿತ ಏರಿತು, ಏನೂ ತಿಳಿಯದ ಕುದುರೆಗಳ ಎದೆಬಡಿತವೂ ಏರಿತು. ಧೈರ್ಯವಾಗಿರು ಎಂದು ಸವಾರನಿಗೆ ಉಪದೇಶಿಸಿದರೆ ಈ ಸಮಸ್ಯೆ ನೀಗುವುದಿಲ್ಲ, ಏಕೆಂದರೆ ಉಪದೇಶದಿಂದ ಎದೆಬಡಿತ ಇಳಿಯದು. ಮುಂದಿನವರು ತನ್ನನ್ನು ಬಿಟ್ಟು ಓಡುವುದಿಲ್ಲ ಎಂಬ ಭರವಸೆ ಸವಾರನಿಗಿದ್ದರೆ ಅವನ ಉಸಿರು ಸಲೀಸಾಗುತ್ತದೆ, ತೊಡೆ ಸಡಿಲಾಗುತ್ತದೆ, ಕೈ ತಾನಾಗಿ ಮೃದುವಾಗುತ್ತದೆ. ಆ ಭರವಸೆ ಕೊಡಬಲ್ಲವರು ಗುಂಪಿನವರು ಮಾತ್ರ.

ಎಲ್ಲ ಕುದುರೆಗಳೂ ಹೀಗೆ ದಾರಿಗೆ ಬರುತ್ತವೆಂದು ನಾನು ಹೇಳಲಾರೆ. ಹಿಂದಿರುಗುವ ದಾರಿಯಲ್ಲಿ ಲಾಯದ ಕಡೆ ಮುಖ ಮಾಡಿದ ಕೂಡಲೇ ಎಷ್ಟೋ ಕುದುರೆಗಳು ಕಲಿತದ್ದನ್ನೆಲ್ಲ ಮರೆಯುತ್ತವೆ. ಅದಕ್ಕೇ ಮನೆಯ ದಿಕ್ಕಿಗೆ ಕ್ಯಾಂಟರ್ ಮಾಡದಿರುವುದು, ಕೊನೆಯ ಒಂದೆರಡು ಕಿಲೋಮೀಟರನ್ನು ನಡಿಗೆಯಲ್ಲೇ, ಬೇಕಾದರೆ ಇಳಿದು ಕೈಹಿಡಿದು ನಡೆಸಿಕೊಂಡೇ ಮುಗಿಸುವುದು ಒಳ್ಳೆಯ ಪದ್ಧತಿ. ತಿಂಗಳುಗಟ್ಟಲೆ ತಾಳ್ಮೆಯಿಂದ ಕಲಿಸಿದರೂ ಮೂರನೆಯ ಕುದುರೆ ಸೇರಿದ ಕೂಡಲೇ ನಡುಗತೊಡಗುವ ಕುದುರೆಗಳಿವೆ. ಗಣೇಶನ ಹಬ್ಬದಿಂದ ದೀಪಾವಳಿ ಮುಗಿಯುವವರೆಗೆ, ಎಲ್ಲಿ ಯಾವಾಗ ಪಟಾಕಿ ಸಿಡಿಯುತ್ತದೋ ಹೇಳಲಾಗದ ದಿನಗಳಲ್ಲಿ, ಅಂಥವನ್ನು ಗುಂಪಿಗೆ ತರಲೇಬಾರದು. ಲಾಯದ ಯಜಮಾನರು ಇದನ್ನು ಹೇಳಲು ಹಿಂಜರಿಯುತ್ತಾರೆ, ಸವಾರರು ಒಪ್ಪಿಕೊಳ್ಳಲು ನಾಚುತ್ತಾರೆ. ಒಳ್ಳೆಯ ಸವಾರ ಎಂಥ ಕುದುರೆಯನ್ನಾದರೂ ಎಲ್ಲಿಗಾದರೂ ಒಯ್ಯಬೇಕೆಂಬ ಹಳೆಯ ಅಹಂಕಾರ ಇನ್ನೂ ಇಳಿದಿಲ್ಲ. ಇಂಥ ಕುದುರೆಗೆ ಪರಿಚಿತವಾದ ಒಂದೇ ಒಂದು ಹಿರಿಯ ಕುದುರೆಯ ಜೊತೆ ಕೊಟ್ಟು, ವಾಹನಗಳಿಲ್ಲದ ಹೊತ್ತಿನಲ್ಲಿ, ಗೊತ್ತಿರುವ ದಾರಿಯಲ್ಲೇ ಕರೆದುಕೊಂಡು ಹೋಗಬಹುದು. ಗುಂಪಿಗೆ ಸೇರಿಸುವ ಮಾತನ್ನು ಆರು ತಿಂಗಳ ಮೇಲೆ ಮತ್ತೆ ಎತ್ತಿ ನೋಡಬಹುದು, ಆಗಲೂ ಅದು ಒಲ್ಲೆನೆಂದರೆ ಇನ್ನಾರು ತಿಂಗಳು ಬಿಡಬಹುದು.